ಆಹಾರ ನಳಿಕೆಯ ಆರೈಕೆ: ಕಾಸರಗೋಡಿನ ಆರೋಗ್ಯ ಕಾರ್ಯಕರ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯಿಯಿಂದ ನುಂಗಲಾರದವರಿಗೆ ಟ್ಯೂಬಿನ ಮೂಲಕ ಆಹಾರ ಕೊಡುವ ಬಗೆಯನ್ನು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಸ್ಟಾಫ್ ನರ್ಸುಗಳಿಗೆ, ಪಂಚಾಯತಿನ ಪಾಲಿಯೇಟಿವ್ (ಸಾಂತ್ವನ ಆರೈಕೆಯ) ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಮತ್ತು ಹೋಮ್ ನರ್ಸುಗಳಿಗೆ ಕಲಿಸುವಾಗ ಪ್ರತಿ ಸಲವೂ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಉತ್ತರಸಹಿತ ಕೊಟ್ಟಿದ್ದೇನೆ. ನಿಮ್ಮ ರೋಗಿಯ ವಿಷಯದಲ್ಲಿ ವೈದ್ಯರು ಬೇರೆ ಸೂಚನೆ ಬರೆದಿದ್ದರೆ ಅದನ್ನೇ ಪಾಲಿಸಬೇಕು.

ನರ್ಸಿಂಗ್ ಕಲಿಯುವಾಗಲೇ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಲು ಕಲಿತಿದ್ದೇವೆ. ಮತ್ತೊಮ್ಮೆ ತರಬೇತಿ ಏಕೆ?

ಟ್ಯೂಬ್ ಹಾಕುವುದಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ಅದನ್ನು ನೋಡಿಕೊಳ್ಳುವ ಕೆಲಸ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಪಠ್ಯದಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಬಹಳ ಕಡಿಮೆ. ನಮ್ಮ ಜಿಲ್ಲೆಯ ಉತ್ತರ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ಬಾಯಿಯ ಅಥವಾ ಗಂಟಲಿನ ಕ್ಯಾನ್ಸರ್ ಎಂದು ಇಲ್ಲಿಯ ಬಹಳ ಮಂದಿ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಟ್ಯೂಬ್ ಸಹಿತ ಮನೆಗೆ ಮರಳುವಾಗ ಅವರ ಕೈಯಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಚೀಟಿ ಇರುತ್ತದೆ, ಸಿರಿಂಜ್ ಹಿಡಿಯಬೇಕಾದ ಸೊಸೆಗೋ ಮಗನಿಗೋ ವಾರ್ಡಿನ ಗಡಿಬಿಡಿಯಲ್ಲಿ ಒಮ್ಮೆ ತೋರಿಸಿಕೊಟ್ಟ ನೆನಪಷ್ಟೇ ಇರುತ್ತದೆ. ಚಿಕಿತ್ಸೆ ಒಂದು ರಾಜ್ಯದಲ್ಲಿ, ಆರೈಕೆ ಇನ್ನೊಂದು ರಾಜ್ಯದಲ್ಲಿ ಆದಾಗ ಸಂಶಯ ಕೇಳಲು ಹತ್ತಿರದಲ್ಲಿ ಉಳಿಯುವುದು ನೀವೇ.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ದಿನಗಳನ್ನು ಇಲ್ಲಿಯವರು ಮರೆತಿಲ್ಲ. ಟ್ಯೂಬ್ ಬದಲಿಸುವುದಕ್ಕೂ ಗಡಿಯಾಚೆಯನ್ನೇ ನಂಬಿದ್ದ ಮನೆಗಳಿಗೆ ಆಗ ದಾರಿ ಇರಲಿಲ್ಲ. ಪ್ರತಿ ಪಂಚಾಯತಿನಲ್ಲಿ ಈ ಕೆಲಸ ಬಲ್ಲವರು ಒಬ್ಬರಾದರೂ ಇರಬೇಕು ಎಂಬ ನನ್ನ ಹಟಕ್ಕೆ ಅದೇ ಕಾರಣ.

ಆಶಾ ಕಾರ್ಯಕರ್ತೆಯರು ಮತ್ತು ಹೋಮ್ ನರ್ಸುಗಳು ಇದನ್ನು ಕಲಿಯಬಹುದೇ?

ಕಲಿಯಲೇಬೇಕು, ಆದರೆ ಎಲ್ಲರೂ ಎಲ್ಲವನ್ನೂ ಅಲ್ಲ. ಮೂಗಿನ ಟ್ಯೂಬನ್ನು ಹಾಕುವುದು ಮತ್ತು ಬದಲಿಸುವುದು ತರಬೇತಾದ ನರ್ಸ್ ಅಥವಾ ವೈದ್ಯರ ಕೆಲಸ. ಆಹಾರ ಕೊಡುವುದು, ಟ್ಯೂಬ್ ತೊಳೆಯುವುದು, ಟ್ಯೂಬ್ ಜಾರಿದೆಯೇ ಎಂದು ಅದರ ಮೇಲಿನ ಗುರುತಿನ ಗೆರೆ ನೋಡುವುದು, ಬಾಯಿ ಶುಚಿಗೊಳಿಸುವುದು ಮನೆಯವರಿಂದಲೂ ಆಗುತ್ತದೆ. ಆಶಾ ಕಾರ್ಯಕರ್ತೆಯಿಂದ ನಾನು ಮುಖ್ಯವಾಗಿ ಬಯಸುವುದು ಅಪಾಯದ ಲಕ್ಷಣಗಳನ್ನು ಗುರುತಿಸುವ ಕಣ್ಣು: ಆಹಾರ ಕೊಡುವಾಗ ಕೆಮ್ಮು, ಉಸಿರಾಟದ ಕಷ್ಟ, ತುಟಿ ನೀಲಿಯಾಗುವುದು, ಜ್ವರ, ಬಿಗಿದ ಹೊಟ್ಟೆ, ದಿನದಿಂದ ದಿನಕ್ಕೆ ಇಳಿಯುವ ತೂಕ. 2008ರಲ್ಲಿ ಕೇರಳ ಸರ್ಕಾರ ಪಾಲಿಯೇಟಿವ್ ಆರೈಕೆಯ ನೀತಿ ಹೊರಡಿಸಿದ ಮೇಲೆ ಸ್ಥಳೀಯಾಡಳಿತಗಳ ಮೂಲಕ ನರ್ಸುಗಳು ಮನೆಗೇ ಹೋಗುವ ಏರ್ಪಾಡು ಬೆಳೆದಿದೆ. ಹೊಸ ಏರ್ಪಾಡು ಬೇಕಿಲ್ಲ, ಇರುವುದರಲ್ಲೇ ಈ ಕೌಶಲವನ್ನು ಸೇರಿಸಿದರೆ ಸಾಕು.

ತರಬೇತಿ ಯಾವ ಭಾಷೆಯಲ್ಲಿ ನಡೆಯಬೇಕು?

ಮನೆಯಲ್ಲಿ ಸಿರಿಂಜ್ ಹಿಡಿಯುವವರ ಭಾಷೆಯಲ್ಲಿ. ಒಂದೇ ವಾರ್ಡಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಮನೆಗಳಿರುವ ಊರು ನಮ್ಮದು. ಪಾಠ ಕನ್ನಡದಲ್ಲಿ ನಡೆದರೂ ಅಭ್ಯಾಸದ ಹೊತ್ತಿನಲ್ಲಿ ನರ್ಸುಗಳು ತಂತಮ್ಮ ಮನೆಮಾತಿನಲ್ಲಿ ವಿವರಿಸಿ ತೋರಿಸಬೇಕೆಂದು ಕೇಳುತ್ತೇನೆ, ಏಕೆಂದರೆ ‘ಆಸ್ಪಿರೇಷನ್ ಆಗದಂತೆ ನೋಡಿಕೊಳ್ಳಿ’ ಎಂದು ಹೇಳಿ ಬಂದರೆ ಮನೆಯವರಿಗೆ ಏನೂ ಹೇಳಿದಂತಾಗುವುದಿಲ್ಲ. ‘ಗಂಜಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ’ ಎಂದರೆ ಅರ್ಥವಾಗುತ್ತದೆ.

ಯಾವ ಯಾವ ಟ್ಯೂಬುಗಳ ಪರಿಚಯ ಇರಬೇಕು?

ಮೂಗಿನಿಂದ ಹೊಟ್ಟೆಗೆ ಇಳಿಯುವ ರೈಲ್ಸ್ ಟ್ಯೂಬನ್ನು ಎಲ್ಲರೂ ನೋಡಿದ್ದೀರಿ. ಬ್ರಿಟಿಷ್ ವೈದ್ಯ ಜಾನ್ ಆಲ್ಫ್ರೆಡ್ ರೈಲ್ ಅವರ ಹೆಸರೇ ಅದಕ್ಕೆ ನಿಂತಿದೆ. ಟ್ಯೂಬಿನ ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಸೇರಿದರೆ ಒಂದು ಮಿಲಿಮೀಟರ್, ಅಂದರೆ 12 ಫ್ರೆಂಚ್ ಟ್ಯೂಬಿನ ಹೊರವ್ಯಾಸ 4 ಮಿಲಿಮೀಟರ್. ಸಾಮಾನ್ಯ ಪಿವಿಸಿ ಟ್ಯೂಬು ಹೊಟ್ಟೆಯ ಆಮ್ಲದಲ್ಲಿ ಬೇಗ ಗಡುಸಾಗುವುದರಿಂದ ಅದು ಕೆಲವೇ ದಿನಗಳ ಬಳಕೆಗೆ; ಪಾಲಿಯುರಿಥೇನ್ ಮತ್ತು ಸಿಲಿಕೋನ್ ಟ್ಯೂಬುಗಳು ಮೆತ್ತಗಿದ್ದು ವಾರಗಟ್ಟಲೆ ಬಾಳುತ್ತವೆ. ಬದಲಿಸುವ ದಿನವನ್ನು ಪೊಟ್ಟಣದ ಮೇಲಿನ ಸೂಚನೆ ನೋಡಿ ನಿರ್ಧರಿಸಿ, ಅಂದಾಜಿನಿಂದ ಅಲ್ಲ.

ನಾಲ್ಕರಿಂದ ಆರು ವಾರಗಳಿಗಿಂತ ಹೆಚ್ಚು ಕಾಲ ಟ್ಯೂಬ್ ಬೇಕಾಗುವಂತಿದ್ದರೆ ಹೊಟ್ಟೆಯ ಚರ್ಮದ ಮೂಲಕ ನೇರ ಜಠರಕ್ಕೆ ಹಾಕುವ ಪೆಗ್ ಟ್ಯೂಬಿನ ಬಗ್ಗೆ ವೈದ್ಯರು ಮನೆಯವರೊಂದಿಗೆ ಮಾತನಾಡುವುದು ವಾಡಿಕೆ. ಎಂಡೋಸ್ಕೋಪ್ ಸಹಾಯದಿಂದ ಇದನ್ನು ಹಾಕುವ ವಿಧಾನವನ್ನು 1980ರಲ್ಲಿ ಗೌಡರರ್ ಮತ್ತು ಪಾನ್ಸ್ಕಿ ಎಂಬ ವೈದ್ಯರು ಮೊದಲು ವರದಿ ಮಾಡಿದರು. ತುದಿ ಸಣ್ಣಕರುಳಿನಲ್ಲಿರುವ ಜೆಜುನಲ್ ಟ್ಯೂಬ್ ಇನ್ನೊಂದು ಬಗೆ. ಕರುಳಿಗೆ ಜಠರದಷ್ಟು ಹಿಡಿಸುವ ಶಕ್ತಿ ಇಲ್ಲದ ಕಾರಣ ಅದರಲ್ಲಿ ಒಮ್ಮೆಲೇ 200 ಮಿಲಿ ಸುರಿಯುವಂತಿಲ್ಲ, ನಿಧಾನವಾಗಿ ಹನಿಸಬೇಕು. ಆದ್ದರಿಂದ ಹೊಸ ರೋಗಿಯ ಮನೆಗೆ ಹೋದಾಗ ಮೊದಲು ಕೇಳಬೇಕಾದದ್ದು ಟ್ಯೂಬಿನ ತುದಿ ಎಲ್ಲಿದೆ ಎಂಬುದನ್ನು.

ಟ್ಯೂಬ್ ಹೊಟ್ಟೆಯಲ್ಲೇ ಇದೆ ಎಂದು ಖಚಿತಪಡಿಸುವುದು ಹೇಗೆ? ಗಾಳಿ ಊದಿ ಸ್ಟೆತೊಸ್ಕೋಪಿನಲ್ಲಿ ಕೇಳಿದರೆ ಸಾಲದೇ?

ಸಾಲದು. ಇಡೀ ತರಬೇತಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಈ ಒಂದು ಪ್ರಶ್ನೆಯ ಮೇಲೆ.

ಹೊಟ್ಟೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು, ಸಿರಿಂಜಿನಿಂದ ಗಾಳಿ ತಳ್ಳಿ, ‘ಗುಳುಕ್’ ಎಂಬ ಸದ್ದು ಕೇಳಿದರೆ ಸರಿ ಎಂದು ನಮ್ಮ ತಲೆಮಾರಿನವರೆಲ್ಲ ಕಲಿತೆವು. ಆದರೆ ಟ್ಯೂಬು ಶ್ವಾಸನಾಳದಲ್ಲಿದ್ದರೂ, ಅನ್ನನಾಳದ ನಡುವೆ ನಿಂತಿದ್ದರೂ ಅದೇ ಸದ್ದು ಹೊಟ್ಟೆಯ ಮೇಲೆ ಕೇಳಬಹುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ವೃದ್ಧರೊಬ್ಬರಿಗೆ ಟ್ಯೂಬ್ ಹಾಕಿ, ಸದ್ದು ಕೇಳಿ, ಸರಿಯಿದೆ ಎಂದು ಕೇಸ್ ಶೀಟಿನಲ್ಲಿ ಬರೆದಿದ್ದೆ. ಅವರು ಕೆಮ್ಮಲಿಲ್ಲ, ಉಸಿರುಗಟ್ಟಲಿಲ್ಲ. ರಾತ್ರಿ ಪಾಳಿಯ ವೈದ್ಯರು ಎಕ್ಸ್‌ರೇ ಆಗದೆ ಒಂದು ಹನಿಯೂ ಕೊಡಬೇಡಿ ಎಂದು ತಡೆದರು. ಫಿಲ್ಮನ್ನು ಬೆಳಕಿಗೆ ಹಿಡಿದಾಗ ಬಿಳಿಯ ಗೆರೆ ಬಲ ಶ್ವಾಸಕೋಶದ ಕಡೆಗೆ ಬಾಗಿತ್ತು. ಪಕ್ಕದ ಟ್ರಾಲಿಯ ಮೇಲೆ 200 ಮಿಲಿ ಹಾಲು ಸಿದ್ಧವಾಗಿತ್ತು. ಪ್ರಜ್ಞೆ ಮಂದವಾದವರಲ್ಲಿ ಮತ್ತು ಪಾರ್ಶ್ವವಾಯು ಬಡಿದವರಲ್ಲಿ ಕೆಮ್ಮಿನ ಪ್ರತಿಕ್ರಿಯೆಯೇ ಇಲ್ಲದಿರಬಹುದು ಎಂಬುದನ್ನು ನಾನು ಕಲಿತದ್ದು ಆ ರಾತ್ರಿ.

ನಂಬಬಹುದಾದ ವಿಧಾನಗಳು ಎರಡೇ. ಒಂದು, ಟ್ಯೂಬಿನ ಇಡೀ ದಾರಿ ಕಾಣುವಂತೆ ತೆಗೆದು, ಓದಬಲ್ಲವರು ಓದಿದ ಎಕ್ಸ್‌ರೇ. ಇನ್ನೊಂದು, ಟ್ಯೂಬಿನಿಂದ ಹೊರಗೆಳೆದ ದ್ರವದ ಪಿಎಚ್, ಅಂದರೆ ಆಮ್ಲೀಯತೆಯ ಪರೀಕ್ಷೆ. ಪಿಎಚ್ 1ರಿಂದ 5.5ರ ಒಳಗಿದ್ದರೆ ಅದು ಜಠರದ ಆಮ್ಲವೆಂದು ಒಪ್ಪಬಹುದು ಎಂದು ಬ್ರಿಟನ್ನಿನ ರೋಗಿ ಸುರಕ್ಷಾ ಸಂಸ್ಥೆ ಹೇಳಿದೆ. ತಪ್ಪು ಜಾಗದ ಟ್ಯೂಬಿಗೆ ಆಹಾರ ಕೊಡುವುದನ್ನು ಅಲ್ಲಿ ಎಂದೂ ನಡೆಯಬಾರದ ಘಟನೆಗಳ ಪಟ್ಟಿಗೆ ಸೇರಿಸಿದ್ದಾರೆ. ನೀಲಿ ಲಿಟ್ಮಸ್ ಕಾಗದ ಆಮ್ಲ ಹೌದೋ ಅಲ್ಲವೋ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಹಾಗಾಗಿ ಅದು ಬೇಡ. ಟ್ಯೂಬಿನ ತುದಿಯನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವ ಕ್ರಮವನ್ನೂ ಬಿಟ್ಟುಬಿಡಿ.

ದ್ರವ ಬಾರದೆ ಹೋದರೆ ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ, ಸ್ವಲ್ಪ ಗಾಳಿ ತಳ್ಳಿ ಟ್ಯೂಬಿನ ತುದಿಯನ್ನು ಜಠರದ ಗೋಡೆಯಿಂದ ಬಿಡಿಸಿ, ಕಾಲು ಗಂಟೆ ಕಾದು ಮತ್ತೆ ಎಳೆದು ನೋಡಿ. ಪ್ಯಾಂಟೊಪ್ರಝೋಲಿನಂತಹ ಆಮ್ಲ ತಗ್ಗಿಸುವ ಮದ್ದು ತೆಗೆದುಕೊಳ್ಳುವವರಲ್ಲಿ ಮತ್ತು ಆಹಾರ ಕೊಟ್ಟು ಒಂದು ಗಂಟೆ ಆಗದವರಲ್ಲಿ ಟ್ಯೂಬು ಸರಿಯಾದ ಜಾಗದಲ್ಲಿದ್ದರೂ ಪಿಎಚ್ ಏರಿರಬಹುದು. ಅಂಥಲ್ಲಿ ಸಂಶಯ ಉಳಿದರೆ ಎಕ್ಸ್‌ರೇ. ಒಂದು ಹೊತ್ತು ಆಹಾರ ತಡವಾದರೆ ಹೆಚ್ಚಿನವರಿಗೆ ಪ್ರಾಣಾಪಾಯವಿಲ್ಲ.

ಮನೆಭೇಟಿಯಲ್ಲಿ ಎಕ್ಸ್‌ರೇ ಇಲ್ಲ, ಎಷ್ಟೋ ಸಲ ಪಿಎಚ್ ಪಟ್ಟಿಯೂ ಇರುವುದಿಲ್ಲ. ಆಗ?

ಪಿಎಚ್ ಪಟ್ಟಿಯನ್ನು ಹೋಮ್ ಕೇರ್ ಚೀಲದಲ್ಲಿ ಇರಿಸಿಕೊಳ್ಳುವುದು ದೊಡ್ಡ ಖರ್ಚಿನ ಮಾತಲ್ಲ, ಪಂಚಾಯತಿನಲ್ಲಿ ಕೇಳಿ ಪಡೆಯಿರಿ. ಅದು ಇರಲಿ, ಇಲ್ಲದಿರಲಿ, ಪ್ರತಿ ಸಲ ಆಹಾರ ಕೊಡುವ ಮೊದಲು ಮನೆಯವರೇ ನೋಡಬೇಕಾದ ಕೆಲವು ವಿಷಯಗಳಿವೆ.

ಹೊಸ ಟ್ಯೂಬ್ ಖಚಿತವಾದ ಕೂಡಲೇ ಅದು ಮೂಗಿನ ಹೊಳ್ಳೆಯಿಂದ ಹೊರಡುವ ಜಾಗದಲ್ಲಿ ಅಳಿಸದ ಶಾಯಿಯಿಂದ ಒಂದು ಗೆರೆ ಎಳೆದು, ಅಲ್ಲಿರುವ ಸೆಂಟಿಮೀಟರ್ ಸಂಖ್ಯೆಯನ್ನು ಬರೆದಿಡಿ. ಪೆರ್ಲದ ಕಡೆಯ ಒಂದು ಮನೆಯಲ್ಲಿ ಶಾಯಿ ಅಳಿಯುತ್ತದೆಂದು ಸೊಸೆ ತನ್ನ ಉಗುರಿನ ಕೆಂಪು ಬಣ್ಣದಿಂದಲೇ ಗೆರೆ ಹಾಕಿದ್ದಳು. ಒಂದು ಬೆಳಗ್ಗೆ ಅವಳು ಫೋನ್ ಮಾಡಿ, ‘ಸಿಸ್ಟರ್, ನಿನ್ನೆ ಗೆರೆ ಮೂಗಿಗೆ ಮುಟ್ಟಿಕೊಂಡಿತ್ತು, ಇವತ್ತು ಎರಡು ಬೆರಳು ಹೊರಗಿದೆ, ಮಾವನವರಿಗೆ ಗಂಜಿ ಕೊಟ್ಟಿಲ್ಲ’ ಎಂದಳು. ರಾತ್ರಿ ಕೆಮ್ಮಿದಾಗ ಟ್ಯೂಬ್ ಜಾರಿತ್ತು. ಅವಳು ಮಾಡಿದ್ದು ನೂರಕ್ಕೆ ನೂರು ಸರಿ. ಗೆರೆ ಸರಿದಿದ್ದರೆ, ಬಾಯಿ ತೆರೆದಾಗ ಗಂಟಲಿನ ಹಿಂದೆ ಟ್ಯೂಬ್ ಸುರುಳಿ ಸುತ್ತಿಕೊಂಡಿದ್ದರೆ, ವಾಂತಿಯೋ ಜೋರು ಕೆಮ್ಮೋ ಆಗಿದ್ದರೆ, ದನಿ ಬದಲಾಗಿದ್ದರೆ ಆಹಾರ ನಿಲ್ಲಿಸಿ ಮತ್ತೆ ಪರೀಕ್ಷೆ ಆಗಬೇಕು. ಗೆರೆ ಇದ್ದ ಜಾಗದಲ್ಲೇ ಇದೆ ಎಂದ ಮಾತ್ರಕ್ಕೆ ಒಳಗಿನ ತುದಿ ಸರಿಯಾಗಿದೆ ಎಂದಾಗುವುದಿಲ್ಲ ಎಂಬುದನ್ನೂ ಅವರಿಗೆ ತಿಳಿಸಿ.

ಅಳತೆ ಹೇಗೆ? ಯಾರಿಗೆ ಮೂಗಿನಿಂದ ಹಾಕಬಾರದು?

ವಯಸ್ಕರಲ್ಲಿ ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಅಳೆಯುತ್ತೇವೆ. ನವಜಾತ ಶಿಶುಗಳಲ್ಲಿ ಎದೆಮೂಳೆಯ ತುದಿ ಮತ್ತು ಹೊಕ್ಕುಳಿನ ನಡುಬಿಂದುವಿನವರೆಗೆ ಅಳೆಯಬೇಕು, ಇಲ್ಲದಿದ್ದರೆ ಟ್ಯೂಬ್ ಗಿಡ್ಡವಾಗುತ್ತದೆ. ತಲೆಬುರುಡೆಯ ಬುಡದ ಮೂಳೆ ಮುರಿದಿರುವ ಸಂಶಯವಿದ್ದಾಗ ಮೂಗಿನಿಂದ ಟ್ಯೂಬ್ ಹಾಕಲೇಬಾರದು. ಒಳಗಿನ ತಂತಿ ಇರುವ ಸಣ್ಣ ಟ್ಯೂಬಿನಲ್ಲಿ ಒಮ್ಮೆ ಹೊರತೆಗೆದ ತಂತಿಯನ್ನು ಟ್ಯೂಬ್ ರೋಗಿಯೊಳಗೆ ಇರುವಾಗ ಮತ್ತೆ ತೂರಿಸಬೇಡಿ, ಅದು ಪಕ್ಕದ ರಂಧ್ರದಿಂದ ಹೊರಬಂದು ಒಳಗೆ ಗಾಯ ಮಾಡಬಲ್ಲದು.

ಮನೆಯ ಗಂಜಿಯನ್ನೇ ಕೊಡಬಹುದೇ, ಅಂಗಡಿಯ ಪೌಡರ್ ಡಬ್ಬವೇ ಬೇಕೇ?

ಅಂಗಡಿಯ ಡಬ್ಬ ಅನುಕೂಲವಾದದ್ದು, ಆದರೆ ತಿಂಗಳುಗಟ್ಟಲೆ ಕೊಳ್ಳುವುದು ಹೆಚ್ಚಿನ ಮನೆಗಳಿಗೆ ಆಗದ ಮಾತು. ಮನೆಯ ಆಹಾರ ಕೊಡಬಹುದು. ಕೊಡುವ ರೀತಿಯಲ್ಲಿ ಮಾತ್ರ ನಮ್ಮ ಕಡೆ ಒಂದು ದೊಡ್ಡ ತಪ್ಪು ನಡೆಯುತ್ತಿದೆ: ಟ್ಯೂಬ್ ಕಟ್ಟೀತೆಂಬ ಹೆದರಿಕೆಯಿಂದ ಕುಚಲಕ್ಕಿ ಗಂಜಿಯ ಅನ್ನವನ್ನು ಬದಿಗಿಟ್ಟು ತೆಳಿಯನ್ನು ಮಾತ್ರ ಕೊಡುವುದು. 50 ಕಿಲೋ ತೂಕದ ವಯಸ್ಕರೊಬ್ಬರಿಗೆ ದಿನಕ್ಕೆ ಸುಮಾರು 1250ರಿಂದ 1500 ಕ್ಯಾಲೊರಿ ಮತ್ತು 50 ಗ್ರಾಮಿಗೆ ಕಡಿಮೆಯಿಲ್ಲದಷ್ಟು ಪ್ರೊಟೀನ್ ಬೇಕು. ದಿನಕ್ಕೆ ಹತ್ತು ಲೋಟ ತೆಳಿ ಕೊಟ್ಟರೂ ಅದರ ಅರ್ಧ ತಲುಪುವುದಿಲ್ಲ. ಹೊಟ್ಟೆ ತುಂಬಿದೆ ಎಂದು ಮನೆಯವರು ನೆಮ್ಮದಿಯಿಂದಿರುತ್ತಾರೆ, ರೋಗಿ ಎಲುಬು ತೊಗಲಾಗುತ್ತಾ ಬೆನ್ನಿನಲ್ಲಿ ಹುಣ್ಣಾಗುತ್ತದೆ.

ಇದಕ್ಕೆ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುಡಿ ಮಾಡಿಕೊಂಡರೆ ಅದರಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ಅನ್ನವನ್ನೂ ಹೆಸರುಬೇಳೆಯನ್ನೂ ಮೆತ್ತಗೆ ಬೇಯಿಸಿ ಅರೆದ ದಪ್ಪ ಗಂಜಿ ಕೈಬಿಸಿಗಿಂತ ತುಸು ಹೆಚ್ಚು ಬಿಸಿಯಿರುವಾಗ ಈ ಹುಡಿಯನ್ನು ಒಂದು ಚಮಚ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಗಂಜಿ ನೀರಾಗಿ ಹರಿಯತೊಡಗುತ್ತದೆ, ಸತ್ವ ಮಾತ್ರ ಹಾಗೆಯೇ ಉಳಿಯುತ್ತದೆ. ಕುದಿಯುವ ಗಂಜಿಗೆ ಹಾಕಿದರೆ ಕಿಣ್ವ ಸುಟ್ಟುಹೋಗಿ ಪ್ರಯೋಜನವಾಗದು. ತೆಳುವಾದ ಮೇಲೆ ಇನ್ನೊಮ್ಮೆ ಕುದಿಸಿ, ಎರಡು ಚಮಚ ತೆಂಗಿನೆಣ್ಣೆ ಮತ್ತು ಉಪ್ಪು ಸೇರಿಸಿ, ಶುಭ್ರ ಬಟ್ಟೆಯಲ್ಲಿ ಸೋಸಿ ಆರಿಸಿ ಕೊಡಬೇಕು. ತರಬೇತಿಯಲ್ಲಿ ಇದನ್ನು ನರ್ಸುಗಳ ಕೈಯಿಂದಲೇ ಮಾಡಿಸುತ್ತೇನೆ. ಚಮಚದಿಂದ ಬೀಳದೆ ನಿಂತ ಗಂಜಿ ಕಣ್ಣೆದುರೇ ಸಡಿಲವಾಗುವುದನ್ನು ನೋಡಿದವರು ಅದನ್ನು ಮನೆಮನೆಗೂ ಹೇಳದೆ ಇರುವುದಿಲ್ಲ.

ಅರೆದು ಸೋಸಿದ ಮನೆ ಆಹಾರಕ್ಕೆ ಸಾಧ್ಯವಾದರೆ 14 ಫ್ರೆಂಚ್ ಅಥವಾ ಅದಕ್ಕಿಂತ ದಪ್ಪದ ಟ್ಯೂಬ್ ಇರುವುದು ಒಳ್ಳೆಯದು. ಕರಾವಳಿಯ ಸೆಕೆಯಲ್ಲಿ ಹೊರಗಿಟ್ಟ ಆಹಾರವನ್ನು ಎರಡು ಗಂಟೆಯ ಮೇಲೆ ಬಳಸಬಾರದು. ಫ್ರಿಜ್ಜಿನಲ್ಲಿಟ್ಟದ್ದನ್ನು ಅಂದಂದೇ ಮುಗಿಸಿ. ಎಳನೀರು ಒಳ್ಳೆಯದೆಂದು ಎಲ್ಲರೂ ಕೊಡುತ್ತಾರೆ; ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅದರ ಪೊಟ್ಯಾಶಿಯಂ ಅಪಾಯಕಾರಿ, ವೈದ್ಯರನ್ನು ಕೇಳದೆ ಕೊಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಆಹಾರದ ಸಮಯಕ್ಕೂ ಇನ್ಸುಲಿನ್ ಸಮಯಕ್ಕೂ ಹೊಂದಾಣಿಕೆ ಬೇಕು.

ಆಹಾರ ಕೊಡುವ ಕ್ರಮ ಏನು?

ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಮನೆಯಲ್ಲಿ ಆಸ್ಪತ್ರೆ ಮಂಚ ಇರುವುದಿಲ್ಲವಾದ್ದರಿಂದ ಬೆನ್ನಿನ ಹಿಂದೆ ಮಡಚಿದ ಹಾಸಿಗೆಯನ್ನು ಗೋಡೆಗೆ ಒರಗಿಸಿ ಇಡಿ. ಬರೀ ತಲೆಯಡಿಗೆ ದಿಂಬು ಕೊಟ್ಟರೆ ಕುತ್ತಿಗೆ ಬಾಗಿ ಹೊಟ್ಟೆ ಒತ್ತುತ್ತದೆ, ಅದರಿಂದ ಉಪಯೋಗವಿಲ್ಲ. ಕೈ ತೊಳೆದು, ಜಾಗ ಪರೀಕ್ಷಿಸಿ, 30 ಮಿಲಿ ಕುದಿಸಿ ಆರಿಸಿದ ನೀರು ಬಿಟ್ಟು, 50 ಮಿಲಿ ಸಿರಿಂಜಿನ ಪಿಸ್ಟನ್ ತೆಗೆದು, ಆಹಾರವನ್ನು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡಿ. 200 ಮಿಲಿ ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಹಿಡಿಯಬೇಕು. ಸಿರಿಂಜ್ ಪೂರ್ತಿ ಬರಿದಾಗುವ ಮೊದಲೇ ಮತ್ತೆ ತುಂಬಿಸಿದರೆ ಗಾಳಿ ಒಳಹೋಗುವುದಿಲ್ಲ. ಕೊನೆಯಲ್ಲಿ ಮತ್ತೆ 30 ಮಿಲಿ ನೀರು. ಅನಂತರ ಅರ್ಧದಿಂದ ಒಂದು ಗಂಟೆ ಹೊತ್ತು ಮಲಗಿಸಬೇಡಿ.

ಆಸ್ಪತ್ರೆಯಲ್ಲಿ ಇನ್ನೊಂದು ಎಚ್ಚರ ಬೇಕು. ಆಹಾರದ ಟ್ಯೂಬೂ ರಕ್ತನಾಳದ ಡ್ರಿಪ್ ಕೂಡ ಒಂದೇ ರೋಗಿಗೆ ಇರುವಾಗ ಹಾಲು ರಕ್ತನಾಳಕ್ಕೆ ಹೋಗಿ ಸಾವು ಸಂಭವಿಸಿದ ಘಟನೆಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಒಂದಕ್ಕೊಂದು ಕೂಡದ ಹೊಸ ಜೋಡಣೆಗಳಿಗೆ 2016ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬಂದಿದ್ದರೂ ನಮ್ಮಲ್ಲಿ ಹಳೆಯ ಜೋಡಣೆಗಳು ಇನ್ನೂ ಸಾಮಾನ್ಯ. ಆದ್ದರಿಂದ ಸಿರಿಂಜ್ ಜೋಡಿಸುವ ಮೊದಲು ಆ ನಳಿಕೆಯನ್ನು ಬೆರಳಿನಿಂದ ಹಿಡಿದುಕೊಂಡು ರೋಗಿಯ ಮೈವರೆಗೂ ಹೋಗಿ ನೋಡಿ.

ಬಹಳ ದಿನ ಏನನ್ನೂ ತಿನ್ನದವರಿಗೆ ಮೊದಲ ದಿನವೇ ಪೂರ್ತಿ ಆಹಾರ ಕೊಟ್ಟರೆ ತಪ್ಪೇ?

ತಪ್ಪು. ಹಸಿದು ಸೊರಗಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದಾಗ ರಕ್ತದ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಹೆಚ್ಚು ಅಪಾಯವಿರುವವರಿಗೆ ಕಿಲೋ ತೂಕಕ್ಕೆ ದಿನಕ್ಕೆ 10 ಕ್ಯಾಲೊರಿಗಿಂತ ಹೆಚ್ಚಿಲ್ಲದಂತೆ ಆರಂಭಿಸಿ, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಬೇಕೆಂದು ಬ್ರಿಟನ್ನಿನ 2006ರ ಮಾರ್ಗಸೂಚಿ ಹೇಳುತ್ತದೆ. ಗಂಟಲಿನ ಕ್ಯಾನ್ಸರಿನಿಂದ ವಾರಗಟ್ಟಲೆ ಉಪವಾಸವಿದ್ದವರಲ್ಲಿ ಇದನ್ನು ಮರೆಯಬೇಡಿ. ಇವರ ಆರಂಭದ ದಿನಗಳು ರಕ್ತಪರೀಕ್ಷೆ ಸಿಗುವ ಆಸ್ಪತ್ರೆಯಲ್ಲೇ ಕಳೆಯಬೇಕು.

ಮಾತ್ರೆಗಳನ್ನೆಲ್ಲ ಒಟ್ಟಿಗೆ ಹುಡಿ ಮಾಡಿ ಕೊಡಬಹುದೇ?

ಬೇಡ. ದ್ರವರೂಪದ ಮದ್ದು ಇದೆಯೇ ಎಂದು ಮೊದಲು ವೈದ್ಯರನ್ನೂ ಫಾರ್ಮಸಿಸ್ಟರನ್ನೂ ಕೇಳಿ. ಹೆಸರಿನ ಕೊನೆಗೆ ಎಸ್‌ಆರ್, ಸಿಆರ್, ಎಕ್ಸ್‌ಆರ್ ಎಂದಿರುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಅರೆದರೆ ಇಡೀ ದಿನದ ಪ್ರಮಾಣ ಒಮ್ಮೆಲೇ ರಕ್ತ ಸೇರುತ್ತದೆ. ಕರುಳಿನಲ್ಲಿ ಕರಗುವಂತೆ ಲೇಪವಿರುವ ಮಾತ್ರೆಗಳನ್ನೂ, ಕ್ಯಾನ್ಸರಿನ ಮಾತ್ರೆಗಳನ್ನೂ ಅರೆಯಬಾರದು. ಅರೆಯಬಹುದಾದವುಗಳನ್ನು ಒಂದೊಂದಾಗಿ ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಒಂದಾದ ಮೇಲೆ ಒಂದು, ನಡುನಡುವೆ 15 ಮಿಲಿ ನೀರು ಬಿಟ್ಟು ಕೊಡಬೇಕು. ಗಂಜಿಯೊಳಗೆ ಬೆರೆಸಿ ಕೊಡುವುದು ಬೇಡ.

ಫಿಟ್ಸ್ ಬರುವವರ ಮನೆಯಲ್ಲಿ ಈ ಒಂದು ವಿಷಯವನ್ನು ಅವಶ್ಯ ಕೇಳಿ: ಫಿಟ್ಸ್ ತಡೆಯುವ ಫೆನಿಟಾಯಿನ್ ಎಂಬ ಮದ್ದು ಇದೆಯೇ? ಟ್ಯೂಬಿನ ಆಹಾರದೊಂದಿಗೆ ಸೇರಿದಾಗ ಅದು ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕುಗ್ಗುತ್ತದೆ. ಕೊಡುವ ಮೊದಲೂ ಆಮೇಲೂ ಒಂದೆರಡು ಗಂಟೆ ಆಹಾರ ನಿಲ್ಲಿಸುವುದು ರೂಢಿ. ಮದ್ದು ತಪ್ಪದೆ ಕೊಡುತ್ತಿದ್ದೇವೆ, ಆದರೂ ಫಿಟ್ಸ್ ನಿಲ್ಲುತ್ತಿಲ್ಲ ಎಂದು ಅಳುವ ತಾಯಂದಿರ ಮನೆಯಲ್ಲಿ ಮೊದಲು ನೋಡಬೇಕಾದದ್ದು ಈ ವೇಳಾಪಟ್ಟಿಯನ್ನು. ಹಾಗೆಯೇ, ಟ್ಯೂಬಿನ ರೋಗಿಗೆ ಭೇದಿ ಶುರುವಾದರೆ ಎಲ್ಲರೂ ಆಹಾರವನ್ನು ದೂರುತ್ತಾರೆ. ಎಷ್ಟೋ ಸಲ ಕಾರಣ ಸಿರಪ್ಪುಗಳಲ್ಲಿ ಸಿಹಿಗಾಗಿ ಹಾಕುವ ಸಾರ್ಬಿಟಾಲ್ ಅಥವಾ ಆಗಷ್ಟೇ ಕೊಟ್ಟ ಆಂಟಿಬಯಾಟಿಕ್.

ಟ್ಯೂಬ್ ಕಟ್ಟಿಕೊಂಡರೆ?

ಬೆಚ್ಚಗಿನ ನೀರನ್ನು 50 ಮಿಲಿ ಸಿರಿಂಜಿನಲ್ಲಿ ತೆಗೆದುಕೊಂಡು ಮೆಲ್ಲಗೆ ತಳ್ಳುತ್ತಾ ಎಳೆಯುತ್ತಾ ಇರಿ, ಸ್ವಲ್ಪ ಹೊತ್ತು ನೀರನ್ನು ಒಳಗೇ ಬಿಟ್ಟು ಮತ್ತೆ ಯತ್ನಿಸಿ. ಸಣ್ಣ ಸಿರಿಂಜಿನ ಒತ್ತಡ ಹೆಚ್ಚು, ಟ್ಯೂಬ್ ಒಡೆಯಬಹುದು. ಕೋಲಾ ಪಾನೀಯ ಹಾಕುವವರಿದ್ದಾರೆ. ಆಮ್ಲಕ್ಕೆ ಹಾಲಿನ ಪ್ರೊಟೀನ್ ಒಡೆದು ಗಟ್ಟಿಯಾಗಿ ಅಡಚಣೆ ಇನ್ನೂ ಬಿಗಿಯುತ್ತದೆ. ತಂತಿ, ಕಡ್ಡಿ ಯಾವುದನ್ನೂ ತೂರಿಸಬೇಡಿ.

ಪ್ರತಿ ಸಲವೂ ಹೊಟ್ಟೆಯಲ್ಲಿ ಉಳಿದ ಆಹಾರವನ್ನು ಎಳೆದು ಅಳೆಯಬೇಕೇ?

ಹಿಂದೆ ಹಾಗೆ ಕಲಿಸುತ್ತಿದ್ದೆವು. ತೀವ್ರ ನಿಗಾ ಘಟಕದ ವಯಸ್ಕ ರೋಗಿಗಳಲ್ಲಿ ಕೂಡ ಇದನ್ನು ವಾಡಿಕೆಯಾಗಿ ಮಾಡಬೇಕಿಲ್ಲ ಎಂದು ಅಮೆರಿಕದ 2016ರ ಮಾರ್ಗಸೂಚಿ ಸೂಚಿಸಿದೆ. ವಾಂತಿ, ಹೊಟ್ಟೆಯುಬ್ಬರ, ನೋವು ಇದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಿ.

ಪೆಗ್ ಟ್ಯೂಬಿನ ಆರೈಕೆಯಲ್ಲಿ ಮುಖ್ಯವಾದದ್ದೇನು? ಅದು ಹೊರಬಂದರೆ ಏನು ಮಾಡಬೇಕು?

ಹಾಕಿದ ಮೊದಲ 72 ಗಂಟೆಗಳಲ್ಲಿ ಆಹಾರ ಕೊಡುವಾಗ ನೋವು, ಹೊಸ ರಕ್ತಸ್ರಾವ ಅಥವಾ ಹೊರಗೆ ಸೋರಿಕೆ ಕಂಡರೆ ಆಹಾರ ನಿಲ್ಲಿಸಿ ಕೂಡಲೇ ವೈದ್ಯರನ್ನು ಕರೆಯಬೇಕು. ಗಾಯ ಮಾಗಿದ ಮೇಲೆ ದಿನವೂ ಸಾಬೂನು ನೀರಿನಿಂದ ತೊಳೆದು ಒಣಗಿಸಿ. ಆಸ್ಪತ್ರೆಯವರು ಒಪ್ಪಿದ ದಿನದಿಂದ ಟ್ಯೂಬನ್ನು ದಿನಕ್ಕೊಮ್ಮೆ ಪೂರ್ತಿ ಸುತ್ತು ತಿರುಗಿಸುವುದು, ಆಗಾಗ ಒಂದೆರಡು ಸೆಂಟಿಮೀಟರ್ ಒಳಗೆ ತಳ್ಳಿ ಹಿಂದಕ್ಕೆ ತರುವುದು ಅಗತ್ಯ. ಇಲ್ಲದಿದ್ದರೆ ಟ್ಯೂಬನ್ನು ಒಳಗೆ ಹಿಡಿದಿಡುವ ಗುಂಡಿಯಂತಹ ತುದಿ ಜಠರದ ಗೋಡೆಯಲ್ಲಿ ಹೂತುಹೋಗುತ್ತದೆ. ಜೆಜುನಲ್ ಟ್ಯೂಬನ್ನು ಮಾತ್ರ ಹೀಗೆ ತಿರುಗಿಸಬಾರದು.

ಟ್ಯೂಬ್ ಹೊರಬಂದಾಗ ಕೇಳಬೇಕಾದ ಪ್ರಶ್ನೆ, ಹಾಕಿ ಎಷ್ಟು ವಾರವಾಯಿತು ಎಂಬುದು. ದಾರಿ ಮಾಗಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೂ ಮೊದಲು ಕುರುಡಾಗಿ ಏನನ್ನೂ ತೂರಿಸಬೇಡಿ, ತುದಿ ಹೊಟ್ಟೆಯ ಪೊರೆಯೊಳಗೆ ಹೋದರೆ ಸೋಂಕಿನಿಂದ ಪ್ರಾಣಕ್ಕೇ ಸಂಚಕಾರ. ಮಾಗಿದ ದಾರಿಯಾದರೆ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುವುದರಿಂದ ತರಬೇತಾದ ನರ್ಸ್ ಅದೇ ದಪ್ಪದ ಫೋಲಿ ಕೆಥೆಟರನ್ನು (ಮೂತ್ರ ಹೊರಹೋಗಲು ಹಾಕುವ ನಳಿಕೆ) ದಾರಿ ತೆರೆದಿಡಲು ಇರಿಸಿ, ಅದರಲ್ಲಿ ಆಹಾರ ಕೊಡದೆ, ಆಸ್ಪತ್ರೆಗೆ ಕಳುಹಿಸಬೇಕು.

ಎಂಡೋಸಲ್ಫಾನ್ ಸಂತ್ರಸ್ತ ಮಕ್ಕಳ ಮನೆಗಳಲ್ಲಿ ಏನನ್ನು ವಿಶೇಷವಾಗಿ ಗಮನಿಸಬೇಕು?

1970ರ ದಶಕದಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಆ ಕೀಟನಾಶಕ ವಿಷ ಸುರಿದ ಎಣ್ಮಕಜೆ, ಬೆಳ್ಳೂರು, ಮುಳಿಯಾರಿನಂತಹ ಪಂಚಾಯತುಗಳಲ್ಲಿ, ಮೈ ಸೆಟೆದ, ತಲೆ ನಿಲ್ಲದ, ನುಂಗಲು ಕಷ್ಟಪಡುವ ಮಕ್ಕಳನ್ನೂ ಈಗ ದೊಡ್ಡವರಾದವರನ್ನೂ ತಾಯಂದಿರು ವರ್ಷಾನುಗಟ್ಟಲೆ ಮಡಿಲಲ್ಲಿಟ್ಟು ಉಣಿಸಿದ್ದಾರೆ. ಅವರಿಗೆ ಕಲಿಸಲು ಹೋಗುವ ಮೊದಲು ಅವರಿಂದ ಕೇಳಿ ತಿಳಿಯಿರಿ. ಯಾವ ಭಂಗಿಯಲ್ಲಿ ಮಗು ಕೆಮ್ಮುತ್ತದೆ, ಎಷ್ಟು ಹೊತ್ತಿಗೆ ದಣಿಯುತ್ತದೆ ಎಂದು ಅವರಷ್ಟು ಬಲ್ಲವರಿಲ್ಲ. ಒಂದು ಊಟಕ್ಕೆ ಗಂಟೆಗೂ ಮೀರಿ ಹಿಡಿಯುತ್ತಿದ್ದರೆ, ಪದೇ ಪದೇ ನ್ಯುಮೋನಿಯಾ ಆಗುತ್ತಿದ್ದರೆ, ತೂಕ ಏರದಿದ್ದರೆ ನುಂಗುವಿಕೆಯ ಪರೀಕ್ಷೆಗೆ ವಾಕ್ ಚಿಕಿತ್ಸಕರ ಬಳಿ ಕಳುಹಿಸಿ. ಟ್ಯೂಬ್ ಹಾಕುವುದೆಂದರೆ ತಾನು ಸೋತೆನೆಂದು ಎಷ್ಟೋ ತಾಯಂದಿರು ಭಾವಿಸುತ್ತಾರೆ. ಅವರ ಉಣಿಸುವಿಕೆ ತಪ್ಪಾಗಿತ್ತೆಂಬ ಧ್ವನಿ ನಿಮ್ಮ ಮಾತಿನಲ್ಲಿ ಎಲ್ಲಿಯೂ ಬರಬಾರದು. ಟ್ಯೂಬ್ ಇದ್ದರೂ ಸುರಕ್ಷಿತವೆಂದು ಚಿಕಿತ್ಸಕರು ಹೇಳಿದಷ್ಟು ರುಚಿಯನ್ನು ನಾಲಿಗೆಗೆ ಮುಟ್ಟಿಸಬಹುದು. ಬಾಯಿಯಿಂದ ಏನೂ ತಿನ್ನದವರ ಹಲ್ಲು, ನಾಲಿಗೆಯನ್ನು ದಿನಕ್ಕೆರಡು ಸಲ ಶುಚಿಗೊಳಿಸಲೇಬೇಕು, ಏಕೆಂದರೆ ಬಾಯಿಯ ಕೊಳೆ ಜೊಲ್ಲಿನೊಂದಿಗೆ ಶ್ವಾಸಕೋಶ ಸೇರಿದರೂ ನ್ಯುಮೋನಿಯಾವೇ.

ರೋಗಿ ಟ್ಯೂಬ್ ಕಿತ್ತುಹಾಕುತ್ತಾರೆ. ಕೈ ಕಟ್ಟಬಹುದೇ?

ಮೊದಲು ಕಾರಣ ಹುಡುಕಿ. ಮೂಗಿನೊಳಗೆ ಹುಣ್ಣಾಗಿರಬಹುದು, ಪ್ಲಾಸ್ಟರ್ ತುರಿಸುತ್ತಿರಬಹುದು, ಮಲಮೂತ್ರದ ತೊಂದರೆಯನ್ನು ಹೇಳಲಾಗದೆ ಒದ್ದಾಡುತ್ತಿರಬಹುದು. ಪ್ಲಾಸ್ಟರನ್ನು ದಿನವೂ ಬದಲಿಸಿ, ಟ್ಯೂಬನ್ನು ಕಣ್ಣಿಗೆ ಕಾಣದಂತೆ ಕೆನ್ನೆಯ ಬದಿಗೆ ಹಾಯಿಸಿ. ಮಂಚಕ್ಕೆ ಕೈ ಕಟ್ಟುವುದನ್ನು ನಾನು ಮನೆಯವರಿಗೆ ಕಲಿಸುವುದಿಲ್ಲ.

ಮರೆಗುಳಿ ಕಾಯಿಲೆಯ ಕೊನೆಯ ಹಂತದಲ್ಲಿರುವವರಿಗೂ ಟ್ಯೂಬ್ ಹಾಕಬೇಕೇ?

ಮುಂದುವರಿದ ಮರೆಗುಳಿ ಕಾಯಿಲೆಯಲ್ಲಿ ಟ್ಯೂಬಿನಿಂದ ಆಯುಷ್ಯ ಹೆಚ್ಚುವುದಾಗಲಿ ನ್ಯುಮೋನಿಯಾ ತಪ್ಪುವುದಾಗಲಿ ಕಂಡುಬಂದಿಲ್ಲ. ತಾಳ್ಮೆಯಿಂದ ಕೈಯಾರೆ ತುತ್ತು ತುತ್ತಾಗಿ ಉಣಿಸುವುದನ್ನೇ ವೃದ್ಧರ ಚಿಕಿತ್ಸೆಯ ಮಾರ್ಗಸೂಚಿಗಳು ಮೇಲೆಂದು ಹೇಳುತ್ತವೆ. ‘ಹಸಿದುಕೊಂಡು ಸಾಯಲು ಬಿಟ್ಟರು ಎಂದು ಊರವರು ಹೇಳುವುದಿಲ್ಲವೇ?’ ಎಂದು ಮಗ ಕೇಳುವಾಗ ಉತ್ತರ ಸುಲಭವಲ್ಲ. ಅವರ ಬಳಿ ಕುಳಿತು, ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಕುಂದುತ್ತದೆ ಎಂಬುದನ್ನು ವಿವರಿಸಿ ಹೇಳುವ ಅಭ್ಯಾಸವೂ ನಮ್ಮ ತರಬೇತಿಯ ಭಾಗ. ಹಾಕಿದ ಟ್ಯೂಬನ್ನು ತೆಗೆಯುವ, ಚಿಕಿತ್ಸೆ ನಿಲ್ಲಿಸುವ ನಿರ್ಧಾರಗಳಿಗೆ ಸುಪ್ರೀಂ ಕೋರ್ಟಿನ 2018ರ ತೀರ್ಪು ಮತ್ತು 2023ರಲ್ಲಿ ಸರಳಗೊಳಿಸಿದ ಕ್ರಮಗಳಿವೆ, ವೈದ್ಯಕೀಯ ಮಂಡಳಿಗಳ ಪಾತ್ರವಿದೆ. ಅಂತಹ ನಿರ್ಧಾರವನ್ನು ನರ್ಸ್ ಒಬ್ಬರೇ ತೆಗೆದುಕೊಳ್ಳುವಂತಿಲ್ಲ.

ತರಬೇತಿ ಮುಗಿದವರು ಸಿದ್ಧರಾಗಿದ್ದಾರೆ ಎಂದು ಹೇಗೆ ನಿರ್ಧರಿಸುತ್ತೀರಿ?

ಬರೆಯುವ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದವರೂ ಗೊಂಬೆಯ ಮುಂದೆ ನಿಂತಾಗ ಗೆರೆ ನೋಡುವುದನ್ನು ಮರೆಯುತ್ತಾರೆ. ಆದ್ದರಿಂದ ಮೊದಲು ಗೊಂಬೆಯ ಮೇಲೆ, ಬಳಿಕ ಅನುಭವಿಗಳ ಎದುರು ರೋಗಿಯ ಬಳಿ ಮಾಡಿ ತೋರಿಸಬೇಕು. ಕೆಲವು ಸಲ ಗೊಂಬೆಯ ಟ್ಯೂಬನ್ನು ಬೇಕೆಂದೇ ಸರಿಸಿ ಇಟ್ಟಿರುತ್ತೇನೆ. ಆಹಾರ ಕೊಡಲು ನಿರಾಕರಿಸಿದವರು ಉತ್ತೀರ್ಣರು. ಕೊನೆಯ ಪರೀಕ್ಷೆ ಮನೆಯಲ್ಲಿ ನಡೆಯುತ್ತದೆ. ಅಲ್ಲಿ ನರ್ಸ್ ಕೈ ಕಟ್ಟಿ ನಿಂತಿರಬೇಕು, ಮನೆಯವರು ಕೈ ತೊಳೆಯುವುದರಿಂದ ಹಿಡಿದು ಕೊನೆಯ 30 ಮಿಲಿ ನೀರಿನವರೆಗೆ ತಾವೇ ಮಾಡಬೇಕು, ಯಾಕೆ ಹೀಗೆ ಎಂದು ಅವರ ಮಾತಿನಲ್ಲೇ ಹೇಳಬೇಕು. ಅವರು ತಡವರಿಸಿದರೆ ಕಲಿಸಿದ ನರ್ಸ್ ಮತ್ತೊಮ್ಮೆ ಬರಬೇಕು.

ಹೊರಡುವ ಮೊದಲು ಒಂದು ರಟ್ಟಿನ ಚೀಟಿಯನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ: ಟ್ಯೂಬಿನ ಬಗೆ ಮತ್ತು ದಪ್ಪ, ಹಾಕಿದ ದಿನ, ಬದಲಿಸಬೇಕಾದ ದಿನ, ಮೂಗಿನ ಬಳಿಯ ಸೆಂಟಿಮೀಟರ್ ಗುರುತು, ದಿನದ ಆಹಾರದ ಪ್ರಮಾಣ, ಅರೆಯಬಾರದ ಮಾತ್ರೆಗಳ ಹೆಸರು, ರಾತ್ರಿ ಕರೆಯಬಹುದಾದ ಫೋನ್ ಸಂಖ್ಯೆ. ಮನೆಯವರು ಓದುವ ಲಿಪಿಯಲ್ಲಿ, ಅಜ್ಜಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ.